ಹಿಡಿಂಬೆಯ ಕಥೆಯನ್ನು ಬದಲಿಸಿ ಬರೆಯುವ ಹಕ್ಕು ನನಗಿದೆಯೇ?

ಪ್ರಶ್ನೆ: ನಾನು ಚಿತ್ರದುರ್ಗದವಳು. ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಗಳ ವಯಸ್ಸಿನವರು ಓದಲೆಂದು ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಈಗಿನ ದುರ್ಗದಲ್ಲಿ ಬೆಳೆದ ಹದಿನೈದರ ಹುಡುಗಿ ಭೂಮಿಕಾ ಒಂದು ಸಂಜೆ ಕೋಟೆಯ ಬಂಡೆಗಳ ನಡುವಿನ ಗವಿಯಲ್ಲಿ ಸಿಕ್ಕಿಕೊಳ್ಳುತ್ತಾಳೆ. ತಾನು ಹಿಡಿಂಬೆಯ ವಂಶದವಳೆಂದು ಅವಳಿಗೆ ಅಲ್ಲಿ ಗೊತ್ತಾಗುತ್ತದೆ. ಗವಿಯಲ್ಲಿ ಅಡಗಿಸಿಟ್ಟ ದೇವತೆಗಳ ಆಯುಧಗಳು, ಭೀಮನ ಗದೆಯಿಂದ ಹಿಡಿದು ಸುದರ್ಶನ ಚಕ್ರದವರೆಗೆ, ಒಂದೊಂದಾಗಿ ಅವಳ ಕೈ ಸೇರುತ್ತವೆ. ಅರ್ಧ ಬರೆದಿರುವಾಗ ಮನೆಯಲ್ಲಿ ವಿಷಯ ತಿಳಿಯಿತು. ಪುರಾಣವನ್ನು ಮನಸ್ಸಿಗೆ ಬಂದಂತೆ ತಿರುಚುವುದು ಅಪಚಾರ, ಮೇಲೆ ಕೇಸೂ ಬೀಳುತ್ತದೆ ಎಂದು ದೊಡ್ಡಪ್ಪ ಹೇಳುತ್ತಾರೆ. ಘಟೋತ್ಕಚನ ಮೇಲೆ ಈಗಾಗಲೇ ಸಿನಿಮಾ, ಧಾರಾವಾಹಿಗಳು ಬಂದಿರುವುದರಿಂದ ಹಕ್ಕುಸ್ವಾಮ್ಯದ ತೊಂದರೆಯಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಎಚ್ಚರಿಸಿದ್ದಾರೆ. ಇಂಥದನ್ನು ಇಂಗ್ಲಿಷಿನಲ್ಲಿ ಬರೆದರೆ ಮಾತ್ರ ಹುಡುಗರು ಓದುತ್ತಾರೆ ಎನ್ನುವುದು ಗೆಳತಿಯ ಮಾತು. ಮುಂದುವರಿಸಲೇ, ಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂವರು ಹೇಳಿದ ಮೂರು ಭಯಗಳಿವೆ. ಆದರೆ ಅವುಗಳ ಅಡಿಯಲ್ಲಿರುವ ಅಳುಕು ಒಂದೇ ಎಂದು ನನಗನ್ನಿಸುತ್ತದೆ: ಈ ಕಥೆ ನನ್ನದೇನು, ಇದನ್ನು ಮುಟ್ಟಲು ನಾನು ಯಾರು ಎಂಬುದು. ಹದಿಹರೆಯದವರ ಪುಸ್ತಕಗಳ ಹಸ್ತಪ್ರತಿಗಳನ್ನು ತಿದ್ದುವ ಕೆಲಸದಲ್ಲಿರುವ ನನಗೆ ಈ ಅಳುಕು ಪರಿಚಿತವಾದದ್ದು. ಪುರಾಣವನ್ನು ಆಧರಿಸಿ ಬರೆಯಹೊರಟ ಹೊಸ ಲೇಖಕರಲ್ಲಿ ಹೆಚ್ಚಿನವರಿಗೆ ಇದು ಬರುತ್ತದೆ, ಬರಬೇಕಾದದ್ದೇ. ಮುಂದುವರಿಸಿ ಎಂಬುದೇ ನನ್ನ ಉತ್ತರ. ಆದರೆ ನಿಮ್ಮ ಕಾದಂಬರಿಯಲ್ಲಿ ನಿಜವಾಗಿ ಚಿಂತಿಸಬೇಕಾದ ಸಂಗತಿ ಆ ಮೂವರು ಹೇಳಿದ್ದರಲ್ಲಿ ಯಾವುದೂ ಅಲ್ಲ. ಅದು ಆ ಗವಿಯಲ್ಲಿರುವ ಆಯುಧಗಳದ್ದು. ಅಲ್ಲಿಗೆ ಬರುವ ಮುನ್ನ ಉಳಿದವುಗಳನ್ನು ಬಿಡಿಸಿಕೊಳ್ಳೋಣ.

ಪುರಾಣಕ್ಕೆ ಒಂದೇ ಪಾಠವಿದೆ, ಅದರಿಂದ ಕದಲಿದರೆ ತಿರುಚಿದಂತಾಗುತ್ತದೆ ಎಂಬ ನಂಬಿಕೆ ಕನ್ನಡ ಸಾಹಿತ್ಯದ ಎದುರು ನಿಲ್ಲುವುದಿಲ್ಲ. ನೀವು ತರಗತಿಯಲ್ಲಿ ಪಾಠ ಮಾಡುವ ಪಂಪನೇ ಹತ್ತನೆಯ ಶತಮಾನದಲ್ಲಿ ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ, ಆ ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡ. ರನ್ನ ಅದೇ ಕಥೆಯನ್ನು ಭೀಮನತ್ತ ತಿರುಗಿಸಿದ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಆ ಪರಂಪರೆಯಲ್ಲಿ ವಾನರರು ಕಪಿಗಳಲ್ಲ, ರಾಕ್ಷಸರು ನರಭಕ್ಷಕರಲ್ಲ, ಇಬ್ಬರೂ ವಿದ್ಯಾಧರರೆಂಬ, ಮಾಯಾವಿದ್ಯೆ ಬಲ್ಲ ಮನುಷ್ಯರ ವಂಶಗಳವರು. ರಾಕ್ಷಸ ಕುಲವನ್ನು ಬೇರೆ ಕಣ್ಣಿನಿಂದ ನೋಡಬೇಕೆಂಬ ನಿಮ್ಮ ಹಂಬಲಕ್ಕೆ ಕನ್ನಡದಲ್ಲಿಯೇ ಸುಮಾರು ಒಂಬೈನೂರು ವರ್ಷಗಳ ಹಿಂದಿನ ಆಸರೆ ಇದೆ ಎಂದಾಯಿತು. ಸಂಸ್ಕೃತ ಮಹಾಭಾರತದ ಕೈಬರಹದ ಪ್ರತಿಗಳಲ್ಲಿಯೂ ಎಷ್ಟು ಪಾಠಭೇದಗಳಿದ್ದವೆಂದರೆ, ಪುಣೆಯ ಭಂಡಾರ್‌ಕರ್ ಸಂಶೋಧನ ಸಂಸ್ಥೆಯ ವಿದ್ವಾಂಸರು ಅವುಗಳನ್ನು ಹೋಲಿಸಿ ಪರಿಷ್ಕೃತ ಆವೃತ್ತಿಯೊಂದನ್ನು ಸಿದ್ಧಪಡಿಸಲು 1919ರಿಂದ 1966ರವರೆಗೆ ದುಡಿಯಬೇಕಾಯಿತು.

ಸ್ಥಳಪುರಾಣಗಳಂತೂ ಇನ್ನೂ ಉದಾರವಾದವು. ಹಿಡಿಂಬೆಯ ಅಣ್ಣ ಹಿಡಿಂಬ ವಾಸವಾಗಿದ್ದದ್ದು ನಮ್ಮ ಗುಡ್ಡದಲ್ಲಿಯೇ, ಭೀಮ ಅವನನ್ನು ಕೊಂದದ್ದು ಇಲ್ಲಿಯೇ ಎಂದು ದುರ್ಗ ಹೇಳುತ್ತದೆ. ಕೋಟೆಯ ಮೇಲಿನ ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬನ ಹಲ್ಲೆಂದೂ ಭೀಮನ ಭೇರಿಯೆಂದೂ ಹೇಳುವ ವಸ್ತುಗಳನ್ನು ನೀವು ಚಿಕ್ಕಂದಿನಲ್ಲಿಯೇ ನೋಡಿರುತ್ತೀರಿ. ಹಿಮಾಚಲದ ಮನಾಲಿಯೂ ಇದೇ ಮಾತನ್ನು ಹೇಳುತ್ತದೆ. ಅಲ್ಲಿ 1553ರಲ್ಲಿ ಕಟ್ಟಿದ ಮರದ ಗುಡಿಯಲ್ಲಿ ಹಿಡಿಂಬೆಯೇ ದೇವಿಯಾಗಿ ಪೂಜೆಗೊಳ್ಳುತ್ತಾಳೆ. ಮೊಳಕಾಲ್ಮುರು ತಾಲ್ಲೂಕಿನ ಜಟಿಂಗರಾಮೇಶ್ವರದ ಬೆಟ್ಟವನ್ನು ಜಟಾಯು ಬಿದ್ದ ಜಾಗವೆನ್ನುತ್ತಾರೆ, ಆಂಧ್ರದ ಲೇಪಾಕ್ಷಿಯವರೂ ಕೇರಳದ ಚಡಯಮಂಗಲದವರೂ ತಮ್ಮ ತಮ್ಮ ಊರಿನ ಬಗ್ಗೆ ಅದನ್ನೇ ಹೇಳುತ್ತಾರೆ. ಇವರಲ್ಲಿ ಯಾರೂ ಇನ್ನೊಬ್ಬರ ಕಥೆಯನ್ನು ಸುಳ್ಳುಮಾಡಲು ಹೊರಟವರಲ್ಲ. ದೂರದ ಕಾವ್ಯವನ್ನು ತಮ್ಮ ಊರಿನ ಕಲ್ಲಿಗೂ ನೀರಿಗೂ ಹೊಂದಿಸಿಕೊಂಡವರು ಅವರು. ಭೂಮಿಕಾಳನ್ನು ದುರ್ಗದ ಗವಿಗೆ ಇಳಿಸಿದಾಗ ನೀವು ಮಾಡಿದ್ದೂ ಅದನ್ನೇ.

ಹಾಗೆಂದು ದೊಡ್ಡಪ್ಪನವರ ಮಾತನ್ನು ತಳ್ಳಿಹಾಕಬೇಡಿ. ಅವರ ಮಾತಿನ ಹಿಂದೆ ಒಂದು ನಿಜವಿದೆ. ಕಾವ್ಯದಲ್ಲಿ ಮಾತ್ರ ಇರುವ ಪಾತ್ರ ಬೇರೆ, ಇಂದು ಬೆಳಿಗ್ಗೆ ಯಾರೋ ಹಣ್ಣುಕಾಯಿ ಮಾಡಿಸಿಕೊಂಡು ಬಂದ ದೇವರು ಬೇರೆ. ಹಿಡಿಂಬೆ ನಿಮ್ಮ ಸೀಮೆಯಲ್ಲಿ ಬಹುಮಟ್ಟಿಗೆ ಕಾವ್ಯದ ಪಾತ್ರ, ಹಿಡಿಂಬೇಶ್ವರನಾದರೋ ಪೂಜೆಗೊಳ್ಳುವ ಶಿವ. ನೀವು ಬರೆದ ದೃಶ್ಯ ಗರ್ಭಗುಡಿಯೊಳಗೆ ನಡೆಯುವುದಾದರೆ, ಪೂಜೆಯ ವಸ್ತುವನ್ನು ಒಡೆಯುವುದು, ಕದಿಯುವುದು, ಹೀಯಾಳಿಸುವುದು ಕಥೆಗೆ ನಿಜವಾಗಿಯೂ ಬೇಕೇ ಎಂದು ಕೇಳಿಕೊಳ್ಳಿ. ಬೇಡವೆಂದು ಉತ್ತರ ಬಂದರೆ ದೃಶ್ಯವನ್ನು ಗುಡಿಯ ಹೊರಗಿನ ಬಂಡೆಗೆ ತನ್ನಿ, ಕಥೆಗೆ ಏನೂ ನಷ್ಟವಾಗುವುದಿಲ್ಲ. ಜೀವಂತ ಜನಪದ ದೈವಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಚಳ್ಳಕೆರೆ, ಹಿರಿಯೂರು ಕಡೆಯ ಕಾಡುಗೊಲ್ಲರಿಗೆ ಜುಂಜಪ್ಪ ಒಂದು ಕಥಾಪಾತ್ರವಲ್ಲ, ಗಣೆಯೆಂಬ ಬಿದಿರಿನ ಕೊಳಲಿನ ನಾದದೊಂದಿಗೆ ಹಾಡಿ ಕರೆಯುವ ದೈವ. ಮ್ಯಾಸಬೇಡರ ವೀರರ ಕಥನಗಳೂ ಹಾಗೆಯೇ. ಅವುಗಳಿಂದ ಏನನ್ನಾದರೂ ಎರವಲು ತರುವುದಿದ್ದರೆ ಮೊದಲು ಹಟ್ಟಿಗೆ ಹೋಗಿ ಹಾಡುವವರ ಬಳಿ ಕುಳಿತು ಕೇಳಿ, ಏನನ್ನು ಬರೆಯಬಹುದು, ಏನನ್ನು ಬರೆಯಬಾರದು ಎಂದು ಅವರನ್ನೇ ವಿಚಾರಿಸಿ, ಪುಸ್ತಕದಲ್ಲಿ ಅವರ ಋಣವನ್ನು ಬರೆಯಿರಿ.

ಕೇಸಿನ ಮಾತಿಗೆ ಬಂದರೆ, ನಾನು ವಕೀಲ ವೃತ್ತಿಯವರಲ್ಲಿ ಒಬ್ಬನಲ್ಲ, ಆದರೆ ಸಂಪಾದಕನಾಗಿ ಈ ಕಾನೂನನ್ನು ತಿಳಿದಿರಲೇಬೇಕಾಗಿದೆ. ಮೊದಲು ಭಾರತೀಯ ದಂಡ ಸಂಹಿತೆಯ 295ಎ ಕಲಮಿನಲ್ಲಿದ್ದ ಅಪರಾಧವೇ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಿನಲ್ಲಿದೆ. ಯಾವುದೇ ವರ್ಗದವರ ಧರ್ಮವನ್ನು ಅಥವಾ ಧಾರ್ಮಿಕ ನಂಬಿಕೆಯನ್ನು ಬುದ್ಧಿಪೂರ್ವಕವಾಗಿ ಮತ್ತು ದುರುದ್ದೇಶದಿಂದ ಅವಮಾನಿಸಿದರೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇಲ್ಲಿ ತೂಕವಿರುವುದು ಉದ್ದೇಶಕ್ಕೆ. ದುರುದ್ದೇಶವಿಲ್ಲದೆ, ಅರಿಯದೆ ಅಥವಾ ಅಜಾಗರೂಕತೆಯಿಂದ ಆದ ಅವಮಾನ ಈ ಕಲಮಿನ ವ್ಯಾಪ್ತಿಗೆ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1957ರಲ್ಲಿಯೇ ಹೇಳಿದೆ. ಈ ಅಪರಾಧಕ್ಕೆ ನ್ಯಾಯಾಲಯ ವಿಚಾರಣೆ ಕೈಗೊಳ್ಳಲು ಸರ್ಕಾರದ ಪೂರ್ವಾನುಮತಿಯೂ ಬೇಕು. ರಾಕ್ಷಸ ಕುಲದ ಹೆಣ್ಣೊಬ್ಬಳ ದುಃಖವನ್ನು ಗೌರವದಿಂದ ಬರೆದ ಕಾದಂಬರಿ ಇಂಥ ಕಲಮಿನ ಹತ್ತಿರಕ್ಕೂ ಹೋಗುವುದಿಲ್ಲ. ಆದರೂ ದೂರು ಕೊಡಲು ಯಾರನ್ನೂ ತಡೆಯಲಾಗದು. ಆ ತೊಂದರೆಯ ಸಾಧ್ಯತೆ ಪೂರ್ತಿ ಶೂನ್ಯವೆಂದು ಹೇಳಿದರೆ ನಾನು ನಿಮಗೆ ನ್ಯಾಯ ಮಾಡಿದಂತಾಗುವುದಿಲ್ಲ. ಪ್ರಕಟಣೆಗೆ ಮೊದಲು ಸೂಕ್ಷ್ಮವೆನಿಸಿದ ಪುಟಗಳನ್ನು ವಕೀಲರೊಬ್ಬರಿಗೆ ಓದಿಸುವುದು ಒಳ್ಳೆಯದು.

ಹಕ್ಕುಸ್ವಾಮ್ಯದ ಭಯ ಮಾತ್ರ ಬಹುಪಾಲು ಆಧಾರವಿಲ್ಲದ್ದು. ನಮ್ಮ 1957ರ ಕಾಯಿದೆಯಂತೆ ಸಾಹಿತ್ಯ ಕೃತಿಯೊಂದರ ಹಕ್ಕು ಲೇಖಕರ ಜೀವಿತಾವಧಿ ಮತ್ತು ಅವರ ನಂತರದ 60 ವರ್ಷಗಳವರೆಗೆ ಇರುತ್ತದೆ. ವ್ಯಾಸನದಾಗಲಿ ಕುಮಾರವ್ಯಾಸನದಾಗಲಿ ಇಂದು ಯಾರ ಸ್ವತ್ತೂ ಅಲ್ಲ. ವಿಷಯ, ವಸ್ತು, ಕಥಾಹಂದರ, ಐತಿಹಾಸಿಕ ಅಥವಾ ಐತಿಹ್ಯದ ಸಂಗತಿಗಳ ಮೇಲೆ ಹಕ್ಕುಸ್ವಾಮ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1978ರ ಒಂದು ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಧಾರಾವಾಹಿ ತಾನಾಗಿ ಕಲ್ಪಿಸಿಕೊಂಡ ಸಂಭಾಷಣೆ, ಹೊಸ ಉಪಕಥೆ, ವೇಷಭೂಷಣದ ವಿಶಿಷ್ಟ ರೂಪ, ಇತ್ತೀಚಿನ ಅನುವಾದಕರ ವಾಕ್ಯಗಳು ಇವುಗಳನ್ನು ಎತ್ತಿಕೊಂಡರೆ ಮಾತ್ರ ತೊಂದರೆ. ಇದರಿಂದ ತಪ್ಪಿಸಿಕೊಳ್ಳುವ ದಾರಿಯೂ ಸುಲಭ: ಕಿರುತೆರೆಯಲ್ಲಿ ಕಂಡದ್ದನ್ನು ಪಕ್ಕಕ್ಕಿಟ್ಟು ಆದಿಪರ್ವದ ಹಿಡಿಂಬವಧೆಯ ಭಾಗವನ್ನೂ ದ್ರೋಣಪರ್ವದ ಘಟೋತ್ಕಚವಧೆಯ ಭಾಗವನ್ನೂ ಮತ್ತೆ ಓದಿ.

ಅವುಗಳನ್ನು ಓದಿ ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣವಿದೆ, ಇಲ್ಲಿಂದ ಮುಂದಿನದನ್ನೇ ನಾನು ಮುಖ್ಯವಾಗಿ ಹೇಳಬೇಕೆಂದಿದ್ದದ್ದು. ಪುರಾಣದಿಂದ ಸ್ಫೂರ್ತಿ ಪಡೆದ ಹಸ್ತಪ್ರತಿಗಳಲ್ಲಿ ನಾನು ಮೇಲಿಂದ ಮೇಲೆ ಕಾಣುವ ದೋಷವೆಂದರೆ, ಲೇಖಕರು ಪುರಾಣದ ಹೆಸರುಗಳನ್ನು ತೆಗೆದುಕೊಳ್ಳುತ್ತಾರೆ, ಅದರ ನಿಯಮಗಳನ್ನು ಬಿಟ್ಟುಬಿಡುತ್ತಾರೆ. ತ್ರಿಶೂಲ, ಚಕ್ರ, ಗದೆಗಳು ಬರುತ್ತವೆ, ನಾಯಕಿಯ ಕೈಯಲ್ಲಿ ಮಿಂಚುತ್ತವೆ, ಶತ್ರು ಸಾಯುತ್ತಾನೆ. ಅವುಗಳ ಬದಲು ಬೇರೆ ಯಾವ ದೇಶದ ಯಾವ ಮಾಯಾ ಆಯುಧವನ್ನಿಟ್ಟರೂ ಕಥೆಯಲ್ಲಿ ಒಂದು ವಾಕ್ಯವೂ ಬದಲಾಗುವುದಿಲ್ಲ. ನೀವು ಬರೆದ ಸಾರಾಂಶದಲ್ಲಿಯೂ ನನಗೆ ಇದೇ ಅಪಾಯ ಕಾಣುತ್ತಿದೆ. ನಮ್ಮ ಕಾವ್ಯಗಳಲ್ಲಿ ಶಕ್ತಿ ಯಾರಿಗೂ ಬಿಟ್ಟಿ ಸಿಗುವುದಿಲ್ಲ. ಅದು ತಪಸ್ಸಿಗೋ ದಾನಕ್ಕೋ ಋಣಕ್ಕೋ ಪ್ರತಿಯಾಗಿ ಬರುತ್ತದೆ, ಬರುವಾಗಲೇ ತನ್ನ ಕರಾರನ್ನು ಜೊತೆಗೆ ತರುತ್ತದೆ, ಆ ಕರಾರೇ ಮುಂದೆ ಕಥೆಯನ್ನು ನಡೆಸುತ್ತದೆ.

ಘಟೋತ್ಕಚನ ಸಾವನ್ನೇ ನೋಡಿ. ಕರ್ಣ ಹುಟ್ಟಿನೊಂದಿಗೇ ಬಂದ ಕವಚಕುಂಡಲಗಳನ್ನು ಇಂದ್ರನಿಗೆ ಕೊಟ್ಟು ಅದಕ್ಕೆ ಪ್ರತಿಯಾಗಿ ಒಂದು ಶಕ್ತ್ಯಾಯುಧವನ್ನು ಪಡೆದಿದ್ದಾನೆ. ಅದನ್ನು ಒಮ್ಮೆ ಮಾತ್ರ ಪ್ರಯೋಗಿಸಬಹುದು, ಆಮೇಲೆ ಅದು ಇಂದ್ರನಿಗೆ ಮರಳುತ್ತದೆ. ಅರ್ಜುನನಿಗೆಂದು ಅದನ್ನು ಕಾದಿಟ್ಟಿದ್ದಾನೆ. ಯುದ್ಧದ ಹದಿನಾಲ್ಕನೆಯ ರಾತ್ರಿ, ರಾಕ್ಷಸರ ಬಲ ಕತ್ತಲಲ್ಲಿ ಹೆಚ್ಚುವ ಹೊತ್ತಿನಲ್ಲಿ, ಘಟೋತ್ಕಚ ಕೌರವ ಸೈನ್ಯವನ್ನು ಅರೆಯುತ್ತಿರುವಾಗ, ಬೇರೆ ದಾರಿ ಕಾಣದೆ ಕರ್ಣ ಅದನ್ನು ಅವನ ಮೇಲೆ ಎಸೆಯುತ್ತಾನೆ. ಅರ್ಜುನ ಉಳಿಯುತ್ತಾನೆ, ಘಟೋತ್ಕಚ ಸಾಯುತ್ತಾನೆ. ಪಾಂಡವರು ಅಳುತ್ತಿರುವಾಗ ಕೃಷ್ಣ ಸಂತೋಷಪಡುತ್ತಾನೆ. ಇವನನ್ನು ಕರ್ಣ ಕೊಲ್ಲದಿದ್ದರೆ ಎಂದಾದರೂ ನಾನೇ ಕೊಲ್ಲಬೇಕಾಗುತ್ತಿತ್ತು ಎಂಬ ಕಠಿಣವಾದ ಮಾತನ್ನೂ ಆಡುತ್ತಾನೆ. ಒಂದು ಆಯುಧದ ಒಂದೇ ಒಂದು ಕರಾರು ಎಷ್ಟು ಜನರ ಬದುಕನ್ನು ಹಿಡಿದು ಎಳೆಯಿತು ಎಂಬುದನ್ನು ಗಮನಿಸಿ. ಭೂಮಿಕಾಳಿಗೆ ಹತ್ತು ಆಯುಧಗಳು ಬೇಡ. ಒಂದೇ ಒಂದು ಸಾಕು, ಆದರೆ ಅದು ಅವಳಿಂದ ಏನನ್ನು ಕೇಳುತ್ತದೆ ಎಂಬುದು ಮೊದಲ ಅಧ್ಯಾಯದೊಳಗೇ ಓದುವ ಹುಡುಗಿಗೆ ಗೊತ್ತಾಗಬೇಕು.

ನೀವು ದಿನವೂ ಕೆಲಸ ಮಾಡುವ ದಾವಣಗೆರೆಯ ಪಕ್ಕದಲ್ಲಿಯೇ ಇದಕ್ಕೆ ಇನ್ನೊಂದು ಉತ್ತಮ ಉದಾಹರಣೆ ಇದೆ. ಹರಿಹರದ ಸ್ಥಳಪುರಾಣದ ಗುಹಾಸುರ ಹರಿಯಿಂದಲೂ ಹರನಿಂದಲೂ ತನಗೆ ಸಾವು ಬಾರದಂತೆ ಬ್ರಹ್ಮನಿಂದ ವರ ಪಡೆಯುತ್ತಾನೆ. ಆ ವರವನ್ನು ಯಾರೂ ಮುರಿಯುವುದಿಲ್ಲ, ಮುರಿಯುವಂತೆಯೂ ಇಲ್ಲ. ವಿಷ್ಣುವೂ ಶಿವನೂ ಒಂದೇ ದೇಹವಾಗಿ, ಹರಿಯೂ ಅಲ್ಲದ ಹರನೂ ಅಲ್ಲದ ಹರಿಹರನಾಗಿ ಬಂದು ಅವನನ್ನು ಕೊಲ್ಲುತ್ತಾರೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ತುಂಗಭದ್ರೆಯ ದಡದಲ್ಲಿ ಕಟ್ಟಿಸಿದ ಗುಡಿಯಲ್ಲಿ ಆ ಅರ್ಧ ಶಿವ, ಅರ್ಧ ವಿಷ್ಣುವಿನ ಮೂರ್ತಿಯನ್ನು ಇಂದಿಗೂ ಕಾಣಬಹುದು. ಹಿರಣ್ಯಕಶಿಪುವಿನ ವರ, ಮಹಿಷನ ವರ, ಮನುಷ್ಯರನ್ನು ಲೆಕ್ಕಕ್ಕೇ ಇಡದೆ ರಾವಣ ಬೇಡಿದ ವರ, ಎಲ್ಲದರಲ್ಲಿಯೂ ಇದೇ ಬುದ್ಧಿ ಕೆಲಸ ಮಾಡಿದೆ. ಕೊಟ್ಟ ಮಾತಿಗೆ ದೇವರೂ ಬದ್ಧ, ಆದರೆ ಮಾತಿನಲ್ಲಿ ಬಿಟ್ಟುಹೋದ ಒಂದು ಸಂದಿ ಇರುತ್ತದೆ. ಹದಿಹರೆಯದ ಓದುಗರು ಇಂಥ ಸಂದಿಯನ್ನು ತಾವೇ ಹುಡುಕಲು ಬಹಳ ಇಷ್ಟಪಡುತ್ತಾರೆ. ನಿಮ್ಮ ಖಳನಿಗೆ ಬಲವಾದ ತೋಳುಗಳಿಗಿಂತ ಬಲವಾದ ವರವೊಂದನ್ನು ಕೊಡಿ, ಅದರ ಮಾತುಗಳನ್ನು ಮೊದಲೇ ಪೂರ್ತಿಯಾಗಿ ಓದುಗರ ಮುಂದಿಡಿ, ಕೊನೆಯಲ್ಲಿ ಭೂಮಿಕಾ ಆ ಮಾತುಗಳೊಳಗಿನ ಸಂದಿಯಿಂದಲೇ ಗೆಲ್ಲಲಿ. ಮೊದಲೇ ಹೇಳದ ಮಂತ್ರವೊಂದು ಕೊನೆಯ ಪುಟದಲ್ಲಿ ಹಠಾತ್ತಾಗಿ ಬಂದರೆ ಹದಿನಾಲ್ಕರ ಓದುಗರು ಅದನ್ನು ಮೋಸವೆಂದೇ ತಿಳಿಯುತ್ತಾರೆ, ಆ ತಿಳಿವಳಿಕೆ ಸರಿಯೂ ಹೌದು.

ಹಿಡಿಂಬೆಯ ಕಡೆಗೆ ಬರೋಣ. ಅರಗಿನ ಮನೆಯಿಂದ ತಪ್ಪಿಸಿಕೊಂಡು ಬಂದು ಕಾಡಿನಲ್ಲಿ ಮಲಗಿದವರನ್ನು ಕೊಂದು ತರಲು ಅಣ್ಣ ತಂಗಿಯನ್ನು ಕಳಿಸುತ್ತಾನೆ. ಕಾವಲಿಗೆ ಎಚ್ಚರವಾಗಿದ್ದ ಭೀಮನನ್ನು ಕಂಡು ಅವಳ ಮನಸ್ಸು ಬದಲಾಗುತ್ತದೆ, ಅಣ್ಣನ ವಿರುದ್ಧವೇ ಅವನನ್ನು ಎಚ್ಚರಿಸುತ್ತಾಳೆ. ಅಣ್ಣ ಸತ್ತ ಮೇಲೆ ಅವಳನ್ನೂ ಕೊಲ್ಲಹೊರಟ ಭೀಮನನ್ನು ಯುಧಿಷ್ಠಿರ ತಡೆಯುತ್ತಾನೆ. ಅವಳು ಕುಂತಿಯ ಮುಂದೆ ಬೇಡಿಕೊಳ್ಳುತ್ತಾಳೆ. ಭೀಮ ಹಗಲು ಅವಳೊಡನೆ ಇದ್ದು ರಾತ್ರಿ ತಮ್ಮ ಬಳಿಗೆ ಮರಳಬೇಕೆಂಬ, ಮಗ ಹುಟ್ಟುವವರೆಗೆ ಮಾತ್ರ ಎಂಬ ಕರಾರಿನ ಮೇಲೆ ಮದುವೆಯಾಗುತ್ತದೆ. ಮಗ ಹುಟ್ಟುತ್ತಾನೆ, ಹುಟ್ಟಿದಾಗಲೇ ಬೆಳೆದು ನಿಲ್ಲುತ್ತಾನೆ, ನೆನೆದಾಗ ಬರುತ್ತೇನೆಂದು ಮಾತು ಕೊಡುತ್ತಾನೆ. ಅವಳು ಹೊರಟುಹೋಗುತ್ತಾಳೆ. ಆ ಮಗ ಕುರುಕ್ಷೇತ್ರದಲ್ಲಿ ಸತ್ತಾಗ ಯುಧಿಷ್ಠಿರನ ಅಳುವಿದೆ, ಕೃಷ್ಣನ ವಾದವಿದೆ, ತಾಯಿಯ ಒಂದು ಮಾತಿಗೂ ಅಲ್ಲಿ ಎಡೆಯಿಲ್ಲ. ಸುದ್ದಿ ಅವಳಿಗೆ ಹೇಗೆ ಮುಟ್ಟಿತು, ಯಾರು ಹೇಳಿದರು, ಅವಳೇನು ಮಾಡಿದಳು? ನಿಮ್ಮ ಕಾದಂಬರಿ ಹುಟ್ಟಬೇಕಾದದ್ದು ಈ ಮೌನದಿಂದ ಎಂದು ನಾನು ಬಲವಾಗಿ ನಂಬುತ್ತೇನೆ. ಭೂಮಿಕಾ ಅವಳ ವಂಶದವಳಾದರೆ ಅವಳಿಗೆ ಬರಬೇಕಾದ ಬಳುವಳಿ ಸುದರ್ಶನ ಚಕ್ರವಲ್ಲ, ಅದು ಹಿಡಿಂಬೆಯದಲ್ಲವೇ ಅಲ್ಲ. ನೆನೆದಾಗ ಬರುತ್ತೇನೆಂದ ಮಗನ ಮಾತು, ಸಂಜೆಯಾದಂತೆ ಏರುವ ಬಲ, ಬೇಕಾದ ರೂಪ ತಾಳುವ ವಿದ್ಯೆ, ಒಲಿದವನಿಗಾಗಿ ಅಣ್ಣನನ್ನು ಕಳೆದುಕೊಂಡ ಹೊರೆ, ಇವು ಅವಳವು. ಸಂಜೆ ಕೋಟೆಯ ಬಾಗಿಲು ಮುಚ್ಚುವ ಹೊತ್ತಿಗೆ ಬಲ ಏರತೊಡಗುವ, ಬೆಳಿಗ್ಗೆ ಶಾಲೆಯ ಪ್ರಾರ್ಥನೆಗೆ ನಿಲ್ಲುವಾಗ ಅದೆಲ್ಲ ಇಳಿದುಹೋಗಿರುವ ಹುಡುಗಿಯ ಕಥೆಯನ್ನು ನಾನಂತೂ ಕೂಡಲೇ ಓದಲು ಬಯಸುತ್ತೇನೆ.

ನಿಮ್ಮ ಮುಂದೆ ಬೇರೆ ದಾರಿಗಳೂ ಇವೆ. ಮೂಲಕಥೆಯನ್ನೇ ಹಿಡಿಂಬೆಯ ಬಾಯಿಂದ ಹೇಳಿಸಬಹುದು. ಆಗ ಕಥೆಗೆ ಆಳ ಬರುತ್ತದೆ, ಆದರೆ ಅಂತ್ಯ ಎಲ್ಲರಿಗೂ ಗೊತ್ತಿರುವುದರಿಂದ ಕುತೂಹಲವನ್ನು ಘಟನೆಗಳಿಂದಲ್ಲದೆ ಮನಸ್ಸಿನಿಂದ ಹುಟ್ಟಿಸಬೇಕಾಗುತ್ತದೆ, ಮೊದಲ ಕಾದಂಬರಿಗೆ ಅದು ಕಷ್ಟದ ಕೆಲಸ. ಇಲ್ಲವೇ ಹೆಸರುಗಳನ್ನೆಲ್ಲ ಬಿಟ್ಟು, ವರ, ಶಾಪ, ಋಣಗಳ ನಿಯಮಗಳನ್ನಷ್ಟೇ ಉಳಿಸಿಕೊಂಡು ಪೂರ್ತಿ ಹೊಸ ಲೋಕವೊಂದನ್ನು ಕಟ್ಟಬಹುದು. ದೊಡ್ಡಪ್ಪನವರ ಆತಂಕ ಅದರಲ್ಲಿ ಪೂರ್ತಿ ಕಳೆಯುತ್ತದೆ, ಜೊತೆಗೆ ದುರ್ಗವೂ ಕಳೆದುಹೋಗುತ್ತದೆ. ಅದು ದೊಡ್ಡ ನಷ್ಟವೆಂಬುದು ನನ್ನ ಅಭಿಪ್ರಾಯ. ಸಂಪಿಗೆ ಸಿದ್ಧೇಶ್ವರ, ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ, ತಣ್ಣೀರು ದೋಣಿ, ಚಂದ್ರವಳ್ಳಿಯ ಗವಿಗಳು, ಮಯೂರಶರ್ಮನ ಶಾಸನವಿರುವ ಬಂಡೆ ಇವು ಯಾವ ಲೇಖಕರೂ ಕುಳಿತಲ್ಲಿ ಕಲ್ಪಿಸಿಕೊಳ್ಳಲಾಗದ ಜಾಗಗಳು. ನೀವು ಆರಿಸಿಕೊಂಡ ದಾರಿಯೇ ನಿಮಗೆ ಸರಿಯಾದದ್ದು. ಅದರ ಅಪಾಯವೆಂದರೆ ಪ್ರವಾಸಿ ಕೈಪಿಡಿಯಂತೆ ಎಲ್ಲವನ್ನೂ ತೋರಿಸುವ ಆಸೆ. ಓಬವ್ವನ ಕಿಂಡಿಯನ್ನು ಬಿಡಲು ಮನಸ್ಸಾಗದು ಎಂದು ಬಲ್ಲೆ, ಆದರೆ ಅದು ಹದಿನೆಂಟನೆಯ ಶತಮಾನದ ಇತಿಹಾಸಕ್ಕೆ ಸೇರಿದ್ದು. ಹೈದರನ ಮುತ್ತಿಗೆಯನ್ನೂ ಹಿಡಿಂಬನ ವಧೆಯನ್ನೂ ಒಂದೇ ಕಥೆಯಲ್ಲಿ ಕಟ್ಟಿದರೆ ಓದುವ ಮಕ್ಕಳು ಎರಡನ್ನೂ ಒಂದೇ ಬಗೆಯ ಸಂಗತಿಯೆಂದು ತಿಳಿಯುವ ಸಂಭವವಿದೆ.

ಇನ್ನೊಂದು ಮಾತನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ರಾಕ್ಷಸರೆಂದರೆ ಕಪ್ಪು ಬಣ್ಣದ, ಕಾಡಿನಲ್ಲಿ ವಾಸಿಸುವ, ಬೇಟೆಯಾಡುವ ಜನ ಎಂಬ ಚಿತ್ರಣ ಚಿತ್ರಪಟಗಳಿಂದ, ಧಾರಾವಾಹಿಗಳಿಂದ ನಮ್ಮೆಲ್ಲರ ತಲೆಯೊಳಗೆ ಇಳಿದಿದೆ. ನಾಯಕ, ಗೊಲ್ಲ ಮತ್ತು ಇತರ ಕಾಡು, ಕಾವಲಿನ ಸಮುದಾಯಗಳ ಮಕ್ಕಳು ದೊಡ್ಡ ಸಂಖ್ಯೆಯಲ್ಲಿರುವ ಸೀಮೆಯಲ್ಲಿ ಕುಳಿತು ಬರೆಯುವಾಗ, ಹಿಡಿಂಬೆಯ ಕುಲದ ವೇಷ, ಆಹಾರ, ಆಡುಮಾತುಗಳನ್ನು ಅಂಥ ಯಾವುದೇ ಸಮುದಾಯದಿಂದ ಎತ್ತಿ ತರಬೇಡಿ. ಹಿಡಿಂಬೆಯ ಕಡೆಯವರೆಂದು ಅವರನ್ನು ನೀವು ಪ್ರೀತಿಯಿಂದಲೇ ತೋರಿಸಿದ್ದರೂ, ತರಗತಿಯಲ್ಲಿ ಆ ಮಗುವನ್ನು ಪಕ್ಕದ ಬೆಂಚಿನವರು ರಾಕ್ಷಸ ಎಂದು ಕರೆಯಲು ನಿಮ್ಮ ಪುಸ್ತಕ ನೆಪವಾಗಬಹುದು. ರಾಕ್ಷಸ ಕುಲಕ್ಕೆ ಪೂರ್ತಿ ಕಲ್ಪನೆಯ ಬದುಕನ್ನೇ ಕಟ್ಟಿಕೊಡಿ.

ಓದುಗರ ವಯಸ್ಸಿನ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಹನ್ನೆರಡರ ಓದುಗರೂ ಹದಿನೆಂಟರ ಓದುಗರೂ ಒಂದಲ್ಲ, ನೀವು ಪ್ರೌಢಶಾಲೆಯವರಿಗೆ ಬರೆಯುತ್ತಿದ್ದೀರಿ ಎಂಬುದನ್ನು ಮರೆಯಬೇಡಿ. ಸಾವು, ದುಃಖ, ಸಿಟ್ಟು, ಮನೆಯವರ ಮೇಲಿನ ದ್ವೇಷ ಇವೆಲ್ಲವನ್ನೂ ಈ ವಯಸ್ಸಿನವರು ತಾಳಿಕೊಳ್ಳುತ್ತಾರೆ, ದೊಡ್ಡವರು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ. ಹಿಂಸೆಯನ್ನು ಬರೆಯಿರಿ, ಆದರೆ ರಕ್ತದ ವರ್ಣನೆಗಿಂತ ಅದರ ನಂತರ ಉಳಿಯುವುದನ್ನು ಹೆಚ್ಚು ಬರೆಯಿರಿ. ಹಿಡಿಂಬೆ ತನ್ನ ಒಲವನ್ನು ತಾನೇ ಮುಂದಾಗಿ ಹೇಳುವ ಹೆಣ್ಣು, ಅದನ್ನು ಮುಚ್ಚಿಡಬೇಕಾಗಿಲ್ಲ. ಹದಿನೈದರ ಭೂಮಿಕಾಳ ವಿಷಯದಲ್ಲಿ ಮಾತ್ರ ಒಲವು ಮನಸ್ಸಿನ ಮಟ್ಟದಲ್ಲಿಯೇ ಇರಲಿ. ಅಪ್ರಾಪ್ತ ವಯಸ್ಸಿನ ಪಾತ್ರವನ್ನು ಕಾಮದ ಕಣ್ಣಿನಿಂದ ತೋರಿಸುವ ಒಂದು ಸಾಲನ್ನೂ ನಾನು ಯಾವ ಹಸ್ತಪ್ರತಿಯಲ್ಲಿಯೂ ಉಳಿಸುವುದಿಲ್ಲ.

ಭಾಷೆಯ ಬಗ್ಗೆ ನಿಮ್ಮ ಗೆಳತಿ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಪುರಾಣ ಆಧಾರಿತ ಫ್ಯಾಂಟಸಿಗೆ ಇಂಗ್ಲಿಷಿನ ಮಾರುಕಟ್ಟೆ ದೊಡ್ಡದು, ಅಲ್ಲಿ ಸ್ಪರ್ಧೆಯೂ ಅಷ್ಟೇ ದೊಡ್ಡದು. ಕನ್ನಡದ ಹುಡುಗರು ಓದುವುದಿಲ್ಲ ಎಂಬ ಮಾತಿನ ಹಿಂದೆ, ಅವರ ವಯಸ್ಸಿಗೆ ಹೊಂದುವ ಕಾದಂಬರಿಗಳನ್ನು ನಾವು ಸಾಕಷ್ಟು ಬರೆದಿಲ್ಲ ಎಂಬ ಕಾರಣ ಅಡಗಿದೆ. ಮಕ್ಕಳ ಕಥೆಗಳಿಂದ ನೇರವಾಗಿ ದೊಡ್ಡವರ ಕಾದಂಬರಿಗಳಿಗೆ ನೆಗೆಯಬೇಕಾದ ಸ್ಥಿತಿಯಲ್ಲಿ ಅನೇಕ ಮಕ್ಕಳು ನಡುವೆಯೇ ಓದು ಬಿಡುತ್ತಾರೆ. ನಿಮಗೆ ಯಾವ ಭಾಷೆಯಲ್ಲಿ ಭೂಮಿಕಾಳ ಮಾತು ಕಿವಿಗೆ ಕೇಳಿಸುತ್ತದೆಯೋ ಅದರಲ್ಲಿಯೇ ಬರೆಯಿರಿ. ನಿರೂಪಣೆ ಸರಳವಾದ ಬರಹದ ಕನ್ನಡದಲ್ಲಿರಲಿ, ಸಂಭಾಷಣೆಗೆ ದುರ್ಗ, ದಾವಣಗೆರೆಯ ಮನೆಗಳ ಮಾತು ಬರಲಿ. ರಾಕ್ಷಸರು ಮಾತ್ರ ಬಯಲಾಟದ ಗದ್ಯದಲ್ಲಿ ಗುಡುಗುವುದು ಬೇಡ, ಹಿಡಿಂಬೆಯೂ ಮನೆಯವರೊಡನೆ ಮನೆಮಾತನ್ನೇ ಆಡಿರಬೇಕು.

ಪ್ರಕಟಣೆಯ ವಿಷಯದಲ್ಲಿ ಮೊದಲು ಪೂರ್ತಿ ಬರೆದು ಮುಗಿಸಿ, ಅರ್ಧ ಹಸ್ತಪ್ರತಿಯನ್ನು ಯಾರಿಗೂ ಕಳಿಸಬೇಡಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುವ ಯೋಜನೆ ಇದೆ, ಆಯಾ ವರ್ಷದ ಪ್ರಕಟಣೆಯ ನಿಯಮಗಳನ್ನು ನೋಡಿ ಅರ್ಜಿ ಹಾಕಬಹುದು. ಸ್ವಂತವಾಗಿ ಪ್ರಕಟಿಸುವುದಾದರೆ ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಗೆ ನಮ್ಮ ದೇಶದಲ್ಲಿ ಶುಲ್ಕವಿಲ್ಲ. ಅದಕ್ಕೆ ಹಣ ಕೇಳುವವರನ್ನು ದೂರವಿಡಿ. ಲೇಖಕರಿಂದಲೇ ಮುದ್ರಣದ ವೆಚ್ಚ ಪಡೆದು ಹಕ್ಕನ್ನೂ ತಮ್ಮ ಹೆಸರಿಗೆ ಬರೆಸಿಕೊಳ್ಳುವ ಒಪ್ಪಂದಗಳು ಬರುತ್ತವೆ, ಅವುಗಳಿಗೆ ಸಹಿ ಹಾಕಬೇಡಿ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿಯನ್ನು ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದೂ ಪರಿಗಣಿಸುತ್ತದೆ. ಆದರೂ ಅವಧಿ, ಗೌರವಧನ, ಅನುವಾದ, ಆಡಿಯೊ ಮತ್ತು ಚಲನಚಿತ್ರದ ಹಕ್ಕುಗಳನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳುವುದೇ ಕ್ಷೇಮ. ಪುರಾಣದ ಫ್ಯಾಂಟಸಿಯಲ್ಲಿ ಮುಂದೆ ಬೆಲೆ ಬರುವುದು ಹೆಚ್ಚಾಗಿ ಆ ಕೊನೆಯ ಹಕ್ಕುಗಳಿಗೇ.

ಮುಗಿಸಿದ ಮೇಲೆ ಹಸ್ತಪ್ರತಿಯನ್ನು ನಿಮ್ಮ ತರಗತಿಯ ಮಕ್ಕಳಿಗೆ ಕೊಡಬೇಡಿ. ತಮ್ಮ ಟೀಚರ್ ಬರೆದದ್ದೆಂದು ತಿಳಿದರೆ ಅವರು ಚೆನ್ನಾಗಿದೆ ಮಿಸ್ ಎನ್ನುವುದನ್ನು ಬಿಟ್ಟು ಬೇರೇನೂ ಹೇಳಲಾರರು. ಬೇರೆ ಶಾಲೆಯ, ನಿಮ್ಮನ್ನು ಅರಿಯದ ಐದಾರು ಮಕ್ಕಳಿಗೆ ಅವರ ಪೋಷಕರ ಒಪ್ಪಿಗೆ ಪಡೆದು, ಲೇಖಕರ ಹೆಸರಿಲ್ಲದ ಪ್ರತಿಗಳನ್ನು ಕೊಡಿಸಿ. ಅವರಲ್ಲಿ ಮಹಾಭಾರತದ ಕಥೆಯನ್ನು ಮನೆಯಲ್ಲಿ ಕೇಳಿ ಬೆಳೆಯದ ಮಕ್ಕಳೂ ಇರಲಿ. ಕಥೆ ಇಷ್ಟವಾಯಿತೇ ಎಂದು ಕೇಳಬೇಡಿ. ಯಾವ ಪುಟದಲ್ಲಿ ಓದು ನಿಲ್ಲಿಸಿ ಎದ್ದಿರಿ, ವರದ ಕರಾರು ನಿಮಗೆ ಎಲ್ಲಿ ಅರ್ಥವಾಯಿತು, ಭೂಮಿಕಾ ಹೇಗೆ ಗೆಲ್ಲಬಹುದೆಂದು ಯಾವ ಅಧ್ಯಾಯದಲ್ಲಿ ಊಹಿಸಿದಿರಿ ಎಂಬ ಮೂರು ಪ್ರಶ್ನೆಗಳಿಗೆ ಪುಟಸಂಖ್ಯೆಯೊಂದಿಗೆ ಉತ್ತರ ಬರೆಸಿಕೊಳ್ಳಿ. ಎಲ್ಲರೂ ಒಂದೇ ಪುಟದ ಆಸುಪಾಸಿನಲ್ಲಿ ಎದ್ದುಹೋಗಿದ್ದರೆ ತಿದ್ದುವ ಕೆಲಸವನ್ನು ಅದಕ್ಕಿಂತ ಒಂದು ಅಧ್ಯಾಯ ಹಿಂದಿನಿಂದ ಶುರುಮಾಡಿ, ಏಕೆಂದರೆ ಬೇಸರದ ಕಾರಣ ಸಾಮಾನ್ಯವಾಗಿ ಎದ್ದ ಪುಟಕ್ಕಿಂತ ಮೊದಲೇ ಇರುತ್ತದೆ.